ಹೊರಗಿನಿಂದ ಹಾಕಿದ ಕೀಲಿ

ನಾನು ಬಸ್ ಕಂಡಕ್ಟರ್. ಸೇಡಂ ಡಿಪೋದಿಂದ ಹೊರಟು ಚಿಂಚೋಳಿ ಮುಟ್ಟಿ, ಅಲ್ಲಿಂದ ಚಂದ್ರಂಪಳ್ಳಿಗೆ ಒಂದು ಸುತ್ತು ಹಾಕಿ ತಿರುಗಿ ಬರುವುದು ಆಗ ನನ್ನ ಡ್ಯೂಟಿ. ಮನೆ ಚಿತ್ತಾಪುರದಲ್ಲಿ. ನನ್ನ ಗಂಡ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿಯ ಒಂದು ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ಮಷಿನ್ ನಡೆಸುತ್ತಿದ್ದರು. ನಾನು ಬೆಳಗ್ಗೆ ಆರಕ್ಕೆಲ್ಲ ಸೇಡಂ ದಾರಿ ಹಿಡಿದರೆ ಅವರು ಎಂಟೂವರೆಗೆ ವಾಡಿ ದಾಟಿ ಆ ಕಡೆ ಹೋಗುವವರು. ನಡುವೆ ಉಳಿಯುವವಳು ಮೂರು ವರ್ಷದ ಮಗಳು. ಅತ್ತೆ ಇರಲಿಲ್ಲ, ತೀರಿಕೊಂಡಿದ್ದರು. ನನ್ನ ತಾಯಿ ಚಿಂಚೋಳಿಯಲ್ಲಿ ಅಣ್ಣನ ಮಕ್ಕಳನ್ನು ನೋಡಿಕೊಂಡಿದ್ದಳು.

ಹಾಗಾಗಿ ಮಗಳನ್ನು ನಮ್ಮ ಮನೆಯಿಂದ ನಾಲ್ಕು ಗಲ್ಲಿ ಆಚೆ, ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳ ಹತ್ತಿರ ಬಿಡುತ್ತಿದ್ದೆವು. ಮಕ್ಕಳೂ ನಾವೂ ಆಕೆಯನ್ನು ಆಂಟಿ ಎನ್ನುತ್ತಿದ್ದೆವು. ಆಕೆಯ ಮನೆ ಬೇರೆ ಕಡೆ; ಇದು ಮಕ್ಕಳಿಗೆಂದೇ ಹಿಡಿದ ಬಾಡಿಗೆಯ ಒಂದು ಕೋಣೆ, ನೆಲಕ್ಕೆ ಪರ್ಸಿ, ಗೋಡೆಗೆ ಹಣ್ಣು ತರಕಾರಿಯ ಚಿತ್ರ, ಮೂಲೆಯಲ್ಲಿ ಸೀರೆ ಕಟ್ಟಿದ ತೊಟ್ಟಿಲು. ನಮ್ಮ ಮಗಳೂ ಸೇರಿ ಐದು ಮಕ್ಕಳು. ಮೊದಲ ದಿನ ನೋಡಲು ಹೋದಾಗ ನೆಲ ಒರೆಸಿ ಫಳಫಳ ಮಾಡಿದ್ದಳು. ಎಷ್ಟರಿಂದ ಎಷ್ಟರವರೆಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದೆ, ಏನು ತಿನಿಸುತ್ತೀರಿ ಎಂದು ಕೇಳಿದೆ. ನಿಮ್ಮ ಜೊತೆ ಇನ್ನೊಬ್ಬರು ಯಾರಿದ್ದಾರೆ ಎಂದು ಮಾತ್ರ ಕೇಳಲಿಲ್ಲ. ಬಸ್ಸಿಗೆ ಹತ್ತುವ ಪ್ರತಿ ಮನುಷ್ಯನಿಗೂ ಎಲ್ಲಿಗೆ, ಎಷ್ಟು ಜನ ಎಂದು ಕೇಳುವ ಬಾಯಿ ನನ್ನದು. ಅಲ್ಲಿ ಆ ಒಂದು ಪ್ರಶ್ನೆ ಹೊರಡಲಿಲ್ಲ.

ಬೆಳಗ್ಗೆ ಮಗಳನ್ನು ಬಿಡುವವರು ನನ್ನ ಗಂಡ, ಸಂಜೆ ಕರೆತರುವವಳು ನಾನು.

ಆ ದಿನ ಮಧ್ಯಾಹ್ನ ಚಿಂಚೋಳಿ ನಿಲ್ದಾಣ ಬಿಟ್ಟು ಚಂದ್ರಂಪಳ್ಳಿ ಕಡೆ ಬಸ್ಸು ತಿರುಗಿತ್ತು. ಸಂತೆಗೆ ಬಂದವರು ಮರಳುವ ಹೊತ್ತು, ಕಾಲಿಡಲು ಜಾಗವಿರಲಿಲ್ಲ. ಫೋನು ಬಂತು. ಡ್ಯೂಟಿ ಮೇಲೆ ಇದ್ದಾಗ ನನ್ನ ಗಂಡ ಎಂದೂ ಫೋನು ಮಾಡುವವರಲ್ಲ.

"ಆಂಟಿ ನಂಬರ್ ಕಳಿಸು," ಅಂದರು.

"ಯಾಕ್ರಿ? ಎಲ್ಲಿದ್ದೀರಿ ನೀವು?"

"ಆಂಟಿ ಕೋಣಿ ಹತ್ರ. ಕಾರ್ಖಾನೆದಾಗ ಕರೆಂಟ್ ಹೋತು, ಲಗೂ ಬಿಟ್ರು. ಇಲ್ಲಿ ನೋಡಿದ್ರ ಕೀಲಿ ಹಾಕ್ಯದ."

"ಹುಡುಗ್ರನ್ನ ಕರ್ಕೊಂಡು ಎಲ್ಲೆರ ಹೋಗಿರಬೇಕು. ಕೂಸು ಎಲ್ಲದ?"

"ಒಳಗ."

ಆ ಒಂದು ಮಾತು ನನಗೆ ಅರ್ಥವಾಗಲಿಲ್ಲ. ಒಳಗೆ ಅಂದರೆ ಯಾವುದರ ಒಳಗೆ ಎಂದು ಯೋಚಿಸಿದೆ. ಆಮೇಲೆ ಅರ್ಥವಾಯಿತು. ಬಾಗಿಲಿಗೆ ಹೊರಗಿನಿಂದ ಕೀಲಿ ಬಿದ್ದಿದೆ, ನನ್ನ ಮಗಳು ಅದರ ಒಳಗಿದ್ದಾಳೆ.

ನಂಬರ್ ಕಳಿಸಿದೆ. ಅವಸರದಲ್ಲಿ ಎರಡು ಸಲ ಬೇರೆ ಯಾರಿಗೋ ಹೋಯಿತು. ತಿರುಗಿ ಅವರಿಗೆ ಫೋನು ಮಾಡುವಷ್ಟರಲ್ಲಿ ಕಾಡು ಶುರುವಾಗಿತ್ತು, ನೆಟ್‌ವರ್ಕ್ ಹೋಗಿತ್ತು.

ಎದುರಿಗೆ ಆಧಾರ್ ಕಾರ್ಡ್ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ನನ್ನ ಮುಖ ನೋಡಿ, "ಯಾಕವ್ವಾ, ಮಾರಿ ಹಿಂಗ್ಯಾಕಾತು?" ಅಂದಳು. ನಾನು ಟಿಕೆಟ್ ಹರಿದುಕೊಟ್ಟೆ. ಒಂದಲ್ಲ, ಆಕೆಗೇ ಮೂರು ಟಿಕೆಟ್ ಹರಿದುಕೊಟ್ಟಿದ್ದೆ. ಆಕೆಯೇ ಎರಡನ್ನು ವಾಪಸ್ಸು ನನ್ನ ಕೈಯಲ್ಲಿಟ್ಟಳು.

ಡ್ರೈವರ್ ಅಣ್ಣನಿಗೆ ಹೇಳಿದೆ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕನ್ನಡಿಯಲ್ಲೇ ನನ್ನನ್ನು ನೋಡಿ, "ಬಸ್ ನಿಲ್ಸಲೇನು ತಂಗಿ?" ಅಂದರು.

"ನಿಲ್ಸಿದ್ರ ಎಲ್ಲಿಗೆ ಹೋಗ್ಲಿ ಅಣ್ಣಾ?"

ಎರಡೂ ಕಡೆ ಕಾಡು. ಚಿತ್ತಾಪುರಕ್ಕೆ ಮರಳಲು ನನಗಿದ್ದ ಹತ್ತಿರದ ದಾರಿ ಇದೇ ಬಸ್ಸು. ಇದು ಮುಂದೆ ಹೋಗಿ, ಜನರನ್ನು ಇಳಿಸಿ, ಹತ್ತಿಸಿಕೊಂಡು, ತಿರುಗಿ ಬರಬೇಕು. ನಾನು ಮತ್ತೆ ಟಿಕೆಟ್ ಕೊಡತೊಡಗಿದೆ.

ಹಾಗೆ ಕೊಡುತ್ತಿದ್ದಾಗಲೇ ನನಗೆ ಆ ವಿಡಿಯೋ ನೆನಪಾಯಿತು. ಎರಡು ವಾರದ ಹಿಂದೆ ಮನೆಯಲ್ಲಿ ಮಗಳು ತನ್ನ ಗೊಂಬೆಯ ಮೇಲೆ ರೊಟ್ಟಿ ಬುಟ್ಟಿ ಬೋರಲು ಹಾಕಿ, ಅದರ ಮುಂದೆ ಕುಳಿತು, ತುಟಿಗೆ ಬೆರಳಿಟ್ಟು ಹೇಳುತ್ತಿದ್ದಳು: "ಚುಪ್ ಕುಂದ್ರು. ಅಳಬ್ಯಾಡ. ಆಂಟಿ ಈಗ ಬರ್ತಾಳ." ನನಗೆ ನಗು ಬಂದು ವಿಡಿಯೋ ಮಾಡಿದ್ದೆ. ತಂಗಿಗೆ ಕಳಿಸಿದ್ದೆ. ಅವಳು ನಗುವ ಚಿತ್ರ ಕಳಿಸಿದ್ದಳು. ನನ್ನ ಗಂಡನಿಗೂ ತೋರಿಸಿದ್ದೆ, ಅವರೂ ನಕ್ಕಿದ್ದರು. ಮಗಳು ತನಗೆ ಬರುವಷ್ಟು ಮಾತಿನಲ್ಲಿ ನಮಗೆ ಎಲ್ಲ ಹೇಳಿದ್ದಳು. ನಾವು ಅದಕ್ಕೆ ಚಪ್ಪಾಳೆ ತಟ್ಟಿದ್ದೆವು.

ಸೀಟಿನ ಕಂಬಿ ಹಿಡಿದು ನಿಂತೆ. ಅಳು ಬರಲಿಲ್ಲ. ಯಾರೋ ಕಿವಿಯ ಹತ್ತಿರ ತಗಡು ಬಡಿದ ಹಾಗೆ ತಲೆಯೊಳಗೆ ಒಂದೇ ಸದ್ದು.

ಚಂದ್ರಂಪಳ್ಳಿಯಿಂದ ತಿರುಗಿ ಚಿಂಚೋಳಿ ಹತ್ತಿರವಾದಾಗ ಫೋನು ಕಿಣಿಗುಟ್ಟಿತು. ನನ್ನ ಗಂಡ ಟೈಪ್ ಮಾಡುವವರಲ್ಲ, ದನಿ ರೆಕಾರ್ಡ್ ಮಾಡಿ ಕಳಿಸಿದ್ದರು. ಮೊದಲು ಬರೀ ಉಸಿರು. ಹಿಂದೆ ಯಾವುದೋ ಮಗು ಅಳುವ ಸದ್ದು. ಆಮೇಲೆ, "ಹೊರಗ ಬಂದಾಳ. ಎಲ್ಲಾ ಹುಡುಗ್ರೂ ಬಂದಾವ. ನೀ ಅಂಜಬ್ಯಾಡ." ಅದನ್ನು ಸೇಡಂ ಮುಟ್ಟುವತನಕ ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ.

ಆ ಹೊತ್ತಿನಲ್ಲಿ ಅಲ್ಲಿ ಆದದ್ದು ಇಷ್ಟು. ಇದನ್ನು ನನ್ನ ಗಂಡ ಸ್ವಲ್ಪ ಹೇಳಿದರು, ಉಳಿದದ್ದನ್ನು ಟೇಲರ್ ಭಾಯಿ ಹೇಳಿದರು. ಟೇಲರ್ ಭಾಯಿಯ ಒಂಬತ್ತು ತಿಂಗಳ ಗಂಡುಮಗುವೂ ಅದೇ ಕೋಣೆಯಲ್ಲಿತ್ತು. ಅವರ ಹೆಂಡತಿ ವಾಡಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಾರೆ.

ನನ್ನ ಗಂಡ ಬಾಗಿಲಲ್ಲಿ ಕೀಲಿ ನೋಡಿ, ಆಂಟಿ ಮಕ್ಕಳನ್ನು ಎಲ್ಲಿಗೋ ಕರೆದುಕೊಂಡು ಹೋಗಿರಬೇಕೆಂದು ಹೊರಳಿದ್ದರಂತೆ. ಎರಡು ಹೆಜ್ಜೆ ಹೋದಾಗ ಒಳಗಿನಿಂದ ಮಗಳ ದನಿ. "ಅಳಬ್ಯಾಡ, ಆಂಟಿ ಈಗ ಬರ್ತಾಳ." ಕೋಣೆಯ ಹಿಂದೆ ಓಡಿದರೆ ಎದೆಯೆತ್ತರಕ್ಕೆ ಒಂದು ಸಣ್ಣ ಕಿಟಕಿ, ಅದಕ್ಕೆ ಕಬ್ಬಿಣದ ಸರಳು. ಒಳಗೆ ಒಂದು ಮಗು ತೊಟ್ಟಿಲಲ್ಲಿ ಮಲಗಿತ್ತು. ಇನ್ನೆರಡು ಬಾಗಿಲ ಹತ್ತಿರ ಕುಳಿತು ಅಳುತ್ತಿದ್ದವು. ಕೋಣೆಯ ನಡುವೆ ಅಂಚಿನತನಕ ನೀರು ತುಂಬಿದ ಬಕೆಟ್. ಟೇಲರ್ ಭಾಯಿಯ ಮಗು ಆ ಬಕೆಟ್ಟಿನ ಅಂಚು ಹಿಡಿದು ಎದ್ದು ನಿಂತು ನೀರಿನೊಳಗೆ ಬಗ್ಗುತ್ತಿತ್ತು.

ಕೈ ಚಾಚಿದರೆ ಮುಟ್ಟುವುದಿಲ್ಲ. ಬಾಗಿಲಿಗೆ ಓಡಿದರೆ ಮಗು ಕಣ್ಣಿಗೆ ಕಾಣುವುದಿಲ್ಲ.

"ಅವ್ವಾ, ಇಲ್ಲಿ ನೋಡು," ಎಂದು ಮಗಳನ್ನು ಕರೆದರು. ಅವಳು ಅಪ್ಪಾ ಎಂದು ಕಿಟಕಿಯ ಕಡೆ ಓಡಿ ಬಂದಳು. "ಇಲ್ಲಿ ಬರಬ್ಯಾಡ. ನಾ ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ. ತಮ್ಮನ ಅಂಗಿ ಹಿಡಿ. ಹಿಂದಿನಿಂದ ಹಿಡಿದು ಜಗ್ಗು. ಹಾಂ, ಹಂಗ. ಬಿಡಬ್ಯಾಡ."

ಅವಳು ಹಿಡಿದಳು. ಮಗು ಹಿಂದಕ್ಕೆ ಕುಸಿದು ಕುಳಿತು, ಅತ್ತು, ಮತ್ತೆ ಬಕೆಟ್ಟಿನ ಕಡೆಗೇ ತೆವಳಿತು. ಅವಳು ಅಂಗಿ ಬಿಡಲಿಲ್ಲ.

ಕಿಟಕಿಯ ಹತ್ತಿರ ನಿಂತೇ ನನಗೆ ಫೋನು ಮಾಡಿ ಆಂಟಿಯ ನಂಬರ್ ಕೇಳಿದ್ದು. ಆ ನಂಬರಿಗೆ ಮಾಡಿದರೆ ಆಂಟಿ ಎತ್ತುತ್ತಿಲ್ಲ. ಆಗ ಟೇಲರ್ ಭಾಯಿಗೆ ಮಾಡಿದರು. ಟೇಲರ್ ಭಾಯಿಯ ನಂಬರ್ ಅವರ ಹತ್ತಿರ ಇತ್ತು, ಪ್ಯಾಂಟ್ ಹೊಲಿಸುತ್ತಿದ್ದರಲ್ಲ. ಗಾಡಿ ರಿಪೇರಿಯವನದು ಇತ್ತು, ಕಾರ್ಖಾನೆಯ ಲೆಕ್ಕ ನೋಡುವ ಮುನಿಮನದು ಇತ್ತು. ದಿನಾ ತಾವೇ ಹೋಗಿ ಮಗಳನ್ನು ಯಾರ ಕೈಯಲ್ಲಿ ಕೊಡುತ್ತಿದ್ದರೋ ಅವಳ ನಂಬರ್ ಮಾತ್ರ ಇರಲಿಲ್ಲ. ಆಮೇಲೆ ಇದನ್ನು ಅವರೇ ನನಗೆ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಟೇಲರ್ ಭಾಯಿ ಅಳತೆ ಟೇಪು ಕೊರಳಲ್ಲಿ ಇದ್ದ ಹಾಗೇ ಓಡಿ ಬಂದರು. ಪಕ್ಕದಲ್ಲಿ ಮನೆ ಕಟ್ಟಲು ತಂದಿಟ್ಟಿದ್ದ ಕಬ್ಬಿಣದ ಸರಳು ಎತ್ತಿ ಬಾಗಿಲ ಕೊಂಡಿಗೆ ಹಾಕಿ ಮೀಟಿದರು. ಅಷ್ಟೂ ಹೊತ್ತು ನನ್ನ ಗಂಡ ಕಿಟಕಿ ಬಿಡದೆ ಮಗಳ ಜೊತೆ ಮಾತಾಡುತ್ತಲೇ ಇದ್ದರಂತೆ. "ನಿನ್ನ ಅಂಗಿ ಯಾವ ಬಣ್ಣ ಅದ? ತಮ್ಮನ ಅಂಗಿ ಯಾವ ಬಣ್ಣ? ಬಿಡಬ್ಯಾಡ ಅವ್ವಾ. ಮುಂಜಾನೆ ಏನ್ ತಿಂದಿ? ಹೇಳು, ಅಪ್ಪಗ ಹೇಳು." ಟೇಲರ್ ಭಾಯಿ ನನಗೆ ಅಂದರು: "ಭಾಭಿ, ನಿಮ್ಮವರು ಭಾಳ ಮಾತಾಡೋರಲ್ಲ. ಅವತ್ತು ಅಷ್ಟು ಮಾತು ಎಲ್ಲಿಂದ ಬಂದ್ವೋ ನಂಗೊತ್ತಿಲ್ಲ."

ಕೊಂಡಿ ಕಿತ್ತು ಬಾಗಿಲು ತೆರೆದಾಗಲೂ ಮಗಳು ಅಂಗಿ ಬಿಟ್ಟಿರಲಿಲ್ಲ. ಟೇಲರ್ ಭಾಯಿ ಮಗುವನ್ನು ಎತ್ತಿಕೊಂಡರೆ ಅವಳೂ ಜೊತೆಗೆ ಎದ್ದಳು. ಅಪ್ಪ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ನಾನು ಚಿತ್ತಾಪುರ ಮುಟ್ಟಿದಾಗ ನಾಲ್ಕೂಕಾಲು. ಐದೂ ಮಕ್ಕಳು ಟೇಲರ್ ಭಾಯಿಯ ಅಂಗಡಿಯಲ್ಲಿ, ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಇದ್ದವು. ನನ್ನ ಗಂಡ ಗೋಡೆಗೆ ಒರಗಿ ಕುಳಿತಿದ್ದರು. ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಕಿಟಕಿಯ ಸರಳು ಒತ್ತಿ ಹಿಡಿದು ಅವರ ಎರಡೂ ಅಂಗೈ ಕಂದಿದ್ದವು. ನನ್ನನ್ನು ನೋಡಿ ಎದ್ದೇಳಲು ಹೋದರು, ಮಗಳು ಎಚ್ಚರಾಗುತ್ತಾಳೆಂದು ಹಾಗೇ ಕುಳಿತರು.

"ಆಂಟಿ?" ಅಂದೆ.

"ಬಂದಿದ್ಳು. ಒಂದೂಕಾಲಕ್ಕ. ಕೈಯಾಗ ಟಿಫಿನ್ ಡಬ್ಬಿ ಇತ್ತು."

"ಏನಂದ್ಳು?"

ಟೇಲರ್ ಭಾಯಿ ಉತ್ತರ ಕೊಟ್ಟರು. "ಅರ್ಧ ತಾಸಿನ ಮಾತು, ಏನಾಗ್ತದ್ರಿ ಅಂದ್ಳು ಭಾಭಿ. ದಿನಾ ಹೋಗ್ತೀನಿ, ಒಂದಿನಾನೂ ಏನೂ ಆಗಿಲ್ಲ ಅಂದ್ಳು."

ದಿನಾ. ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಒಂದು ವರ್ಷದಿಂದ ಮಗಳು ಅಲ್ಲಿಗೆ ಹೋಗುತ್ತಿದ್ದಳು. ಆ ಒಂದು ವರ್ಷದ ಪ್ರತಿ ಮಧ್ಯಾಹ್ನ ನಾನು ಚಿಂಚೋಳಿ ನಿಲ್ದಾಣದಲ್ಲಿ ಬುತ್ತಿ ಬಿಚ್ಚಿ ಉಣ್ಣುವ ಹೊತ್ತಿಗೆ ಮಗಳು ಕೀಲಿಯ ಒಳಗಿದ್ದಳು.

"ನನ್ನ ಅಂಗಡಿ ಎರಡು ಗಲ್ಲಿ ದೂರ," ಎಂದು ಟೇಲರ್ ಭಾಯಿ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. "ಎರಡೇ ಗಲ್ಲಿ."

ಮರುದಿನ ಆಂಟಿಯ ಮೇಲೆ ದೂರು ಕೊಡಬೇಕೆಂದು ಹಟ ಹಿಡಿದವಳು ನಾನು. ನನ್ನ ಗಂಡ ಮೊದಲು ಒಮ್ಮೆ ಆಕೆಯ ಮನೆಗೆ ಹೋಗಿಬರುತ್ತೇನೆ ಅಂದರು. ಹೋದವರು ಬೇಗ ಬರಲಿಲ್ಲ. ಬಂದವರು ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕುಳಿತರು.

"ಅಕಿ ಅಪ್ಪ ಹಾಸಿಗೆ ಹಿಡಿದಾನ. ಒಂದು ಕಡಿ ಕೈಕಾಲು ಬಿದ್ದಾವ. ಅಕಿ ಹೋಗಿ ಉಣಿಸಿದ್ರನೇ ಉಣ್ಣೋದು. ಬ್ಯಾರೆ ಯಾರಿಲ್ಲ," ಅಂದರು.

"ಅದನ್ನ ನಮಗ ಮೊದಲೇ ಹೇಳಬೇಕಿತ್ತಲ್ರಿ."

"ಹೇಳಿದ್ರ ನಾವು ಕೂಸು ಬಿಡ್ತಿದ್ದಿಲ್ಲ."

ಅದು ನಿಜ. ನನಗೆ ಅದರಿಂದ ಸಿಟ್ಟು ಇಳಿಯಲಿಲ್ಲ, ಆದರೆ ದೂರು ಕೊಡಲೂ ಹೋಗಲಿಲ್ಲ. ಆಕೆಯ ಕೋಣೆ ಮುಚ್ಚಿತು. ಐದು ಮನೆಯವರೂ ಮಕ್ಕಳನ್ನು ಬಿಡಿಸಿಕೊಂಡೆವು.

ಇನ್ನು ಮಗಳನ್ನು ಯಾರು ನೋಡುವುದು? ಕೆಲಸ ಬಿಡುವವಳು ನಾನೇ ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದೆ. ಹಾಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ, "ನೀ ಡ್ಯೂಟಿಗೆ ಹೋಗು. ನಾ ಮನ್ಯಾಗ ಇರ್ತೀನಿ," ಅಂದರು.

ಕೀಲಿಯ ಸುದ್ದಿ ಕೇಳಿದಾಗ ಆದ ಗಾಬರಿ ಒಂದು ತರಹದ್ದು. ಇದು ಬೇರೆ ತರಹದ್ದು. ಮದುವೆಯಾದಾಗಿನಿಂದ ತಾವು ಉಂಡ ತಟ್ಟೆ ಎತ್ತಿದ ಮನುಷ್ಯರಲ್ಲ ಅವರು. ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ರಜೆ ಕೇಳಲು ಹೋದಾಗ ಮುನಿಮ, "ಹೆಣ್ಮಕ್ಕಳ ಕೆಲಸಕ್ಕ ಗಂಡಸು ರಜಾ ಕೇಳ್ತಾನೇನು?" ಅಂದನಂತೆ. ಇವರು, "ನನ್ನ ಮಗಳ ಕೆಲಸಕ್ಕ ಕೇಳ್ಲಿಕತ್ತೀನ್ರಿ," ಎಂದು ಹೇಳಿ ಬಂದರು. ಎರಡು ತಿಂಗಳು ಮನೆಯಲ್ಲಿದ್ದರು. ಮೊದಲ ವಾರ ಮಗಳ ಎರಡು ಜಡೆ ಎರಡು ದಿಕ್ಕಿಗೆ ನಿಂತಿರುತ್ತಿದ್ದವು. ಅನ್ನ ಮುದ್ದೆಯಾಗುತ್ತಿತ್ತು. ಗಲ್ಲಿಯಲ್ಲಿ ಮಗಳ ಅಂಗಿ ತೊಳೆದು ಒಣ ಹಾಕುವಾಗ ಹೆಂಗಸರು ನಿಂತು ನೋಡುತ್ತಿದ್ದರಂತೆ. ಮಗಳು ಅವರನ್ನು ಕಣ್ಣಿನಿಂದ ಆಚೆ ಹೋಗಗೊಡುತ್ತಿರಲಿಲ್ಲ. ಅವರು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಕರೆಯುವವಳು, ಒಳಗಿನಿಂದ ಅವರು ಇಡೀ ಹೊತ್ತು ಓಗೊಡುತ್ತಲೇ ಇರಬೇಕು. ಒಂದು ದಿನವೂ ಅವರು ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ.

ಟೇಲರ್ ಭಾಯಿ ತಮ್ಮ ಮಗುವನ್ನು ಅಂಗಡಿಯಲ್ಲೇ ಇಟ್ಟುಕೊಂಡಿದ್ದರು. ಆದರೆ ಸೂಜಿ, ಕತ್ತರಿ, ಇಸ್ತ್ರಿ ಪೆಟ್ಟಿಗೆಯ ನಡುವೆ ಎಷ್ಟು ದಿನ ನಡೆದೀತು? ಅವರೇ ಒಂದು ದಿನ ನಮ್ಮ ಮನೆಗೆ ಬಂದರು. ಅಂಗಡಿಯ ಪಕ್ಕದ ಕೋಣೆ ಖಾಲಿ ಇದೆ, ಐದು ಮನೆಯವರೂ ಸೇರಿ ಹಿಡಿಯೋಣ ಅಂದರು. ಅಪ್ಪಂದಿರು ಐವರೂ ಕುಳಿತು ಮಾತಾಡಿದರು. ನಾನು ಚಹಾ ಕೊಡಲು ಹೋಗಿ ಅಲ್ಲೇ ನಿಂತೆ, ಯಾಕೆಂದರೆ ಅಂಥ ಮಾತು ಗಂಡಸರ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಮಕ್ಕಳು ಎಷ್ಟೊತ್ತಿಗೆ ಮಲಗುತ್ತವೆ, ಯಾವುದಕ್ಕೆ ಹಾಲು ಆಗಿಬರುವುದಿಲ್ಲ, ನೀರು ಎಲ್ಲಿಡಬೇಕು, ಕಿಟಕಿ ಎಷ್ಟು ಎತ್ತರಕ್ಕಿರಬೇಕು. "ಇಬ್ರು ಹೆಣ್ಮಕ್ಕಳು ಬೇಕು," ಎಂದು ನನ್ನ ಗಂಡ ಹೇಳಿದರು. "ಒಬ್ಬಾಕಿಗೆ ಮನ್ಯಾಗ ಏನರ ಇದ್ರ ಇನ್ನೊಬ್ಬಾಕಿ ಇರ್ಬೇಕು. ಅವರಿಗೂ ಅಪ್ಪ ಅವ್ವ ಇರ್ತಾರ."

ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಿಯಾದ ಒಬ್ಬ ಹಿರಿಯಾಕೆ ಸಿಕ್ಕರು. ಎರಡನೆಯವಳಾಗಿ ಆಂಟಿಯನ್ನೇ ಕರೆಯೋಣ, ಒಬ್ಬಳೇ ಇರದಿದ್ದರೆ ಆಯಿತಲ್ಲ ಎಂದು ನನ್ನ ಗಂಡ ಕೇಳಿದರು. ನಾನು ಆಗುವುದಿಲ್ಲ ಅಂದೆ. ಅವರು ಮತ್ತೆ ಆ ಮಾತು ಎತ್ತದೆ ಬೇರೊಬ್ಬ ಹೆಣ್ಣುಮಗಳನ್ನು ಹುಡುಕಿದರು. ಆಂಟಿ ಈಗ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ನನ್ನ ಗಂಡ ಅಲ್ಲಿಂದಲೇ ತರುತ್ತಾರೆ. ಆ ರೊಟ್ಟಿ ನಾನು ಉಣ್ಣುತ್ತೇನೆ. ಆಕೆಯ ಮನೆಯ ಮುಂದೆ ಹಾಯುವಾಗ ಮಾತ್ರ ಇವತ್ತಿಗೂ ಆ ಕಡೆ ನೋಡಲು ನನಗಾಗುವುದಿಲ್ಲ. ಅವರು ಕ್ಷಮಿಸಿದ್ದಾರೆ, ನಾನು ಕ್ಷಮಿಸಿಲ್ಲ.

ಹೊಸ ಕೋಣೆಗೆ ಅರ್ಧ ಬಾಗಿಲು ಮಾಡಿಸಿದರು. ಗಲ್ಲಿಯಲ್ಲಿ ಹೋಗುವ ಯಾರಾದರೂ ಇಣುಕಿ ನೋಡಬಹುದು. ದಿನಕ್ಕೊಬ್ಬ ಅಪ್ಪ ಮಧ್ಯಾಹ್ನ ಒಂದು ತಾಸು ಅಲ್ಲಿ ಬಂದು ಕೂರಬೇಕೆಂದು ಅವರೇ ಪಾಳಿ ಹಾಕಿಕೊಂಡರು. ನನ್ನ ಗಂಡ ಕಾರ್ಖಾನೆಗೆ ಮರಳಿದ ಮೇಲೆ ವಾರದ ರಜೆಯ ದಿನ ಅವರ ಪಾಳಿ.

ಈ ಸುದ್ದಿ ಚಿಂಚೋಳಿಯಲ್ಲಿ ನನ್ನ ತಂದೆಗೆ ಮುಟ್ಟಿತ್ತು. ಅಳಿಯ ಮಗಳಿಗೆ ಜಡೆ ಹಾಕುತ್ತಾನೆ ಎಂದು ಯಾರೋ ಹೇಳಿದ್ದರು. ಫೋನಿನಲ್ಲಿ, "ಏನವ್ವಾ, ಗಂಡಗ ಸೀರಿ ಉಡಿಸಿದೇನು?" ಎಂದು ಕೇಳಿದ್ದರು. ನಾನು ಫೋನು ಇಟ್ಟುಬಿಟ್ಟಿದ್ದೆ. ಒಂದು ತಿಂಗಳಾದ ಮೇಲೆ ತಾವೇ ಚಿತ್ತಾಪುರಕ್ಕೆ ಬಂದರು. ನಾನು ಡ್ಯೂಟಿಯಲ್ಲಿದ್ದೆ. ಅಂದು ನನ್ನ ಗಂಡನ ಪಾಳಿ, ಅವರು ಮಾವನನ್ನೂ ಆ ಕೋಣೆಗೆ ಕರೆದೊಯ್ದಿದ್ದರು.

ಪಾಳಿಯ ತಾಸು ಮುಗಿದು ಸಂಜೆಯಾಗಿತ್ತು; ನಾನು ಹೋದಾಗ ತಂದೆ ಇನ್ನೂ ಅಲ್ಲೇ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಅಲುಗಾಡದೆ ಕುಳಿತಿದ್ದರು. ಅವರ ಎರಡೂ ಕೈಗಳ ಮೇಲೆ ಟೇಲರ್ ಭಾಯಿಯ ಮಗು ಮಲಗಿತ್ತು. ಹಿರಿಯಾಕೆ ಇನ್ನೊಂದು ಮಗುವನ್ನು ತೊಳೆಯಲು ಎದ್ದಾಗ, "ಹಿಡಕೊಳ್ರಿ ಕಾಕಾ," ಎಂದು ಅವರ ಕೈಗೆ ಕೊಟ್ಟಿದ್ದರಂತೆ. ಆಮೇಲೆ ವಾಪಸ್ಸು ಕೊಡಲು ತಂದೆಗೆ ಬಂದಿಲ್ಲ, ಮಗುವಿಗೆ ನಿದ್ದೆ ಬಂದಿದೆ. ನನ್ನ ಗಂಡ ದೂರ ಕುಳಿತು ಸುಮ್ಮನೆ ನೋಡುತ್ತಿದ್ದರು.

ನಾವು ನಾಲ್ಕು ಮಕ್ಕಳು. ಯಾರನ್ನೂ ಅವರು ಎತ್ತಿಕೊಂಡದ್ದು ನನಗೆ ನೆನಪಿಲ್ಲ. ಹೊಲದಿಂದ ಬರುವವರು, ಉಣ್ಣುವವರು, ಕಟ್ಟೆಯ ಮೇಲೆ ಕೂರುವವರು. ನಾವು ದೂರದಿಂದ ನೋಡುವವರು.

ನಾನು ಹತ್ತಿರ ಹೋಗಿ ಕುಳಿತೆ. ಅವರು ತಲೆಯೆತ್ತಲಿಲ್ಲ.

"ಕೂಸು ಇಷ್ಟು ಬೆಚ್ಚಗಿರ್ತದೇನು?" ಅಂದರು.

ಜ್ವರವೇನೋ ಎಂದು ಗಾಬರಿಯಾಗಿ ಮಗುವಿನ ಹಣೆ ಮುಟ್ಟಿ ನೋಡಿದೆ. ಜ್ವರವಿರಲಿಲ್ಲ. ಎಲ್ಲ ಮಕ್ಕಳೂ ನಿದ್ದೆಯಲ್ಲಿ ಇರುವಷ್ಟೇ ಬೆಚ್ಚಗಿತ್ತು.

"ಹೂಂ ಅಪ್ಪಾ," ಅಂದೆ. "ಎಲ್ಲಾ ಕೂಸುಗೋಳೂ ಇರ್ತಾವ."

"ನಂಗ ಗೊತ್ತೇ ಇದ್ದಿಲ್ಲ," ಅಂದರು. ಎಪ್ಪತ್ತರ ಹತ್ತಿರದ ಮನುಷ್ಯ. ಕೈ ನೋಯುತ್ತಿರಬೇಕು, ನಾನು ಹಿಡಿಯುತ್ತೇನೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ.